ಗೇಣಿನ ಒಪ್ಪಂದ

ಈ ಕತೆಯನ್ನು ನಮ್ಮೂರಲ್ಲಿ ಮೊದಲು ಹೇಳಿದವರು ದೂಮಪ್ಪ ಮಾಸ್ತರರು. ಅವರು ಅದನ್ನು ತಮ್ಮ ಗುರುಗಳ ಬಾಯಿಂದಲೇ ಕೇಳಿದ್ದರು.

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಕೊಟ್ಟ ಮಾತಿಗೆ ತಪ್ಪದವನಿಗೂ ಪಾಪ ತಟ್ಟುವುದುಂಟೇ?”

ಗುರುಗಳು ಹೇಳಿದರು:

ಹೊಳೆ ಕಡಲು ಸೇರುವ ಅಳಿವೆಯ ಬಳಿ ಒಬ್ಬ ಕಂಚುಗಾರನಿದ್ದ. ಹೊಟ್ಟೆಪಾಡಿಗೆ ಕಂಚಿನ ಕೆಲಸ, ಜೀವವೆಲ್ಲ ಗಾಳದಲ್ಲಿ. ಬಿಡುವಾದ ದಿನ ಬಂಡೆಯ ಮೇಲೆ ಕೂತುಬಿಡುವನು. ದೊಡ್ಡ ಮೀನೊಂದು ದಾರ ಹಿಡಿದು ಜಗ್ಗಿದಾಗ ಅಂಗೈಗೆ ಬರುವ ಆ ಎಳೆತಕ್ಕೆ ಸಮನಾದ ಸುಖ ಅವನಿಗೆ ಬೇರೊಂದಿರಲಿಲ್ಲ. ಅದೇ ಅಳಿವೆಯಲ್ಲಿ ಒಬ್ಬ ಬಲೆಯವನಿದ್ದ. ಅವನ ಬಲೆಗೆ ಚಿಕ್ಕದೂ ಬೀಳುತ್ತಿತ್ತು, ದೊಡ್ಡದೂ ಬೀಳುತ್ತಿತ್ತು. ಇಬ್ಬರಿಗೂ ತೀರದ ಜಗಳ.

ಕೊನೆಗೆ ಊರ ದೈವದ ಎದುರು ಮಾತಾಯಿತು. ಗೇಣಿಗಿಂತ ಉದ್ದದ ಮೀನು ಗಾಳಕ್ಕೆ, ಗೇಣಿನೊಳಗಿನದು ಬಲೆಗೆ. ಕಂಚುಗಾರನೇ ಮೊದಲು ಗಂಧಪ್ರಸಾದ ಮುಟ್ಟಿ ಒಪ್ಪಿದ. ಬೂತಾಯಿಯಂಥ ಪುಡಿಮೀನು ಯಾರಿಗೆ ಬೇಕು ಎಂದು ಒಳಗೊಳಗೇ ನಕ್ಕ.

ಬಲೆಯವನು ಮಾತು ನಡೆಸಿದ. ದೊಡ್ಡದು ಸಿಕ್ಕರೆ ಎತ್ತಿ ನೀರಿಗೇ ಬಿಟ್ಟ. ಸಣ್ಣ ಕಣ್ಣಿನ ಬಲೆ ಕಟ್ಟಿಸಿ ಬೂತಾಯಿಯನ್ನು ಬಾಚಿದ. ಊರು ತಿಂದು ಮಿಕ್ಕಿದ್ದು ತೆಂಗಿನ ಬುಡಕ್ಕೆ ಗೊಬ್ಬರವಾಯಿತು.

ಮೂರನೆಯ ವರ್ಷ ಕಂಚುಗಾರನ ಗಾಳಕ್ಕೆ ಬಿದ್ದ ಮೀನಿಗೆ ತಲೆಯೇ ದೊಡ್ಡದು, ಮೈ ಬರೀ ಮುಳ್ಳು. ದಾರ ಎಳೆದರೆ ಜಗ್ಗಲೂ ಇಲ್ಲ, ಸುಮ್ಮನೆ ಬಂತು. ಹೊಟ್ಟೆ ಸೀಳಿ ನೋಡಿದ. ಒಳಗಿದ್ದದ್ದು ಅದರದೇ ಜಾತಿಯ ಮರಿ. ದೊಡ್ಡದಕ್ಕೆ ಬೂತಾಯಿಯೇ ಅನ್ನವಾಗಿತ್ತು ಎಂಬುದು ಅವನಿಗೆ ಆಗ ತಿಳಿಯಿತು.

ಅವನು ಕೈ ತೊಳೆಯದೆ ಬಲೆಯವನ ಮನೆಗೆ ನಡೆದ. ಎರಡು ವರ್ಷ ಬೂತಾಯಿಯ ಗೊಡವೆಗೆ ಹೋಗಬೇಡ ಎಂದು ಬೇಡಿಕೊಂಡ.

“ಕಂಚುಗಾರರೇ, ನಿಮ್ಮ ಪಾಲಿನ ಒಂದು ಮೀನನ್ನಾದರೂ ಮುಟ್ಟಿದ್ದೇನಾ? ಸಂಶಯವಿದ್ದರೆ ದೈವದೆದುರು ಬನ್ನಿ,” ಎಂದ ಬಲೆಯವನು. ಕಂಚುಗಾರ ತಲೆ ತಗ್ಗಿಸಿದ್ದು ನೋಡಿ ಸ್ವಲ್ಪ ಮೆತ್ತಗಾದ. “ಆಯಿತು, ಬಿಡುತ್ತೇನೆ. ಆದರೆ ನನ್ನ ಮನೆಯಲ್ಲೂ ಹೊಟ್ಟೆಗಳಿವೆ. ಅಲ್ಲಿಯವರೆಗೆ ದೊಡ್ಡದರಲ್ಲಿ ನಾಲ್ಕಕ್ಕೊಂದು ನನಗಿರಲಿ.”

ತನ್ನ ದೊಡ್ಡ ಮೀನು ಇನ್ನೊಬ್ಬನ ಬುಟ್ಟಿಯಲ್ಲಿ ಮಲಗಿದ್ದು ಕಂಚುಗಾರನ ಕಣ್ಣಿಗೆ ಕಟ್ಟಿತು. ಅದನ್ನು ಅವನಿಂದ ತಾಳಲಾಗಲಿಲ್ಲ.

“ಅದಾಗದು ಮಾರಾಯ. ಪ್ರಸಾದ ಮುಟ್ಟಿ ಆಡಿದ ಮಾತು.”

“ಹಾಗಾದರೆ ನಾನೂ ಮುಟ್ಟಿದ್ದು ಅದೇ ಪ್ರಸಾದ,” ಎಂದು ಬಲೆಯವನು ಬಲೆಯನ್ನು ಹೆಗಲಿಗೇರಿಸಿದ.

ಮರುವರ್ಷ ಅಳಿವೆಗೆ ಹಕ್ಕಿ ಸಹ ಇಳಿಯಲಿಲ್ಲ. ಬಲೆಯವನು ಬರಿಬಲೆ ಎಳೆದು ಎಳೆದು ದೋಣಿಯನ್ನು ದಡಕ್ಕೆ ಹಾಕಿದ. ಕಂಚುಗಾರ ಬಂಡೆಯ ಮೇಲೆ ಕೂತೇ ಇದ್ದ. ದಾರ ಅಲ್ಲಾಡಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, ಹಾಗಾದರೆ ಇಬ್ಬರಲ್ಲಿ ಮಾತಿಗೆ ತಪ್ಪಿದವರು ಯಾರು ಎಂದು ಕೇಳಿದ.

“ಒಬ್ಬನಾದರೂ ತಪ್ಪಿದ್ದರೆ ನೀರಿನಲ್ಲಿ ಮೀನಿರುತ್ತಿತ್ತು, ಮಗು.”



ಕೇಳಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಇನ್ನೊಬ್ಬರ ಕಿವಿಗೆ ಹಾಕಬೇಕು.