ಹುಲ್ಲುಗಳ್ಳನ ಗುಡ್ಡ

ಕೊಡತಗುಂದಿಯ ಬಸ್ ನಿಲ್ದಾಣದಲ್ಲಿ ಇಳಿದು ಬಡಗಣ ದಿಕ್ಕಿಗೆ ಮುಖ ಮಾಡಿದರೆ ಕಾಣುವುದು ಒಂದು ಸಾಧಾರಣ ಗುಡ್ಡ. ತುಂಗಭದ್ರೆಯ ದಂಡೆಯ ಗುಂಡುಕಲ್ಲಿನ ಸೀಮೆಯಲ್ಲಿ ಇಂಥ ಗುಡ್ಡಗಳಿಗೆ ಕೊರತೆಯಿಲ್ಲ. ನೆತ್ತಿಯ ಮೇಲೆ ಮೊಬೈಲ್ ಟವರ್, ಪಕ್ಕೆಯಲ್ಲಿ ಅರ್ಧಕ್ಕೆ ನಿಂತ ಕಲ್ಲಿನ ಕ್ವಾರಿ, ಬುಡದಲ್ಲಿ ಹೂಳು ತುಂಬಿದ ಕೆರೆ. ಅರ್ಧ ಏರಿದರೆ ಮನೆಯಂಗಳದಷ್ಟು ಅಗಲದ ಹಾಸುಬಂಡೆ, ಅದರ ಪಕ್ಕ ಇತ್ತೀಚೆಗೆ ನೆಟ್ಟ ಹಸಿರು ಫಲಕ. ಫಲಕದ ಪ್ರಕಾರ ಈ ಸ್ಥಳದ ಹೆಸರು ‘ಹಸಿರುಸಿರಿ ಬೆಟ್ಟ’. ಊರಿನವರು ಈ ಹೆಸರನ್ನು ಹಿಂದೆಂದೂ ಕೇಳಿಲ್ಲ. ಗುಡ್ಡದಲ್ಲಿ ಹಸಿರೂ ಹೇಳಿಕೊಳ್ಳುವಷ್ಟಿಲ್ಲ. ಇಲ್ಲಿ ಹಿಂದೆ ಕತ್ತೆಯೊಂದು ಮಕ್ಕಳೊಡನೆ ನಲಿಯುತ್ತ ಸುಖವಾಗಿ ಬಾಳಿತೆಂದು ಹೆಸರಿನ ಕೆಳಗೆ ಬರೆದಿದೆ. ಮಕ್ಕಳಿಗೆಂದೇ ಅಚ್ಚು ಹಾಕಿಸಿದ ಬಣ್ಣದ ಪುಸ್ತಕವೂ ಇದೆ. ಅದರ ಕೊನೆಯ ಪುಟದಲ್ಲಿ ಕತ್ತೆ ಕಾಮನಬಿಲ್ಲಿನ ಕೆಳಗೆ ಮೇಯುತ್ತಿದೆ. ಎಳೆಯರ ಮನಸ್ಸು ನೋಯಬಾರದೆಂದು ಸಮಿತಿಯೊಂದು ಒಮ್ಮತದಿಂದ ತೀರ್ಮಾನಿಸಿತಂತೆ. ಒಮ್ಮತ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಸಮಿತಿಯಲ್ಲಿ ಎಳೆಯರಿರಲಿಲ್ಲ.

ಊರಿನವರ ಬಾಯಲ್ಲಿ ಇದು ಹುಲ್ಲುಗಳ್ಳನ ಗುಡ್ಡ. ಹೆಸರಿನ ಹಿಂದಿನ ಕಥೆಯನ್ನು ಇತಿಹಾಸ ಎನ್ನಲು ಆಧಾರವೇನೂ ಇಲ್ಲ. ಕೆರೆಯ ಏರಿಯ ಮೇಲೆ ಒಂದು ಒಡೆದ ಶಾಸನವಿದೆ. ಅದರಲ್ಲಿ ಕತ್ತೆ ಬರುವುದು ದತ್ತಿ ಕೆಡಿಸಿದವರಿಗೆ ಹಾಕಿದ ಶಾಪದಲ್ಲಿ ಮಾತ್ರ. ಯಾವ ದೊರೆಯ ಕಾಲದ ಮಾತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಕೆಲವರು ಅದು ಕತ್ತೆಯಲ್ಲ, ಕುದುರೆ ಎನ್ನುತ್ತಾರೆ. ಕತ್ತೆಗಾಗಿ ಅತ್ತ ಊರು ಎನಿಸಿಕೊಳ್ಳಲು ನಾಚಿಕೆಯಿರಬೇಕು. ಆದರೆ ಕಥೆ ಕುಂಬಾರನೊಬ್ಬನದು, ಅವನ ಮನೆಯಲ್ಲಿ ಕುದುರೆ ಇತ್ತೆಂದರೆ ನಂಬುವುದು ಕಷ್ಟ. ಕತ್ತೆಯೆಂದೇ ಇಟ್ಟುಕೊಳ್ಳುವುದು ಮೇಲು.

ಹಿಂದೆ ಒಮ್ಮೆ, ಗುಡ್ಡಕ್ಕೆ ಇನ್ನೂ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಕೊಡತಗುಂದಿಯಲ್ಲಿ ಸಂಕಪ್ಪನೆಂಬ ಕುಂಬಾರನಿದ್ದನು. ವಯಸ್ಸಾದವನು. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ, ಬೂದಿ ಎಂಬ ಹೆಣ್ಣುಕತ್ತೆ ಇತ್ತು. ಕೆರೆಯಿಂದ ಜೇಡಿಮಣ್ಣು ಹೊತ್ತು ತರುವುದು, ಸುಟ್ಟ ಕೊಡಗಳನ್ನು ಸಂತೆಗೆ ಹೊತ್ತು ಒಯ್ಯುವುದು ಅದರ ಕೆಲಸ. ಮಣ್ಣು ಇಳಿಸಿ ಬರಿಬೆನ್ನಿನಲ್ಲಿ ಕೆರೆಗೆ ಮರಳುವಾಗ ಊರ ಮಕ್ಕಳು ಸರದಿಯ ಮೇಲೆ ಅದನ್ನು ಏರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಏರಿದವಳು ಊರ ಗೌಡನ ಮೊಮ್ಮಗಳು ಗಾಳೆವ್ವ, ಆರೇಳು ವರ್ಷದ ಹುಡುಗಿ. ಅವಳ ತಾಯಿ ಆ ವರ್ಷದ ಮಳೆಗಾಲದ ಮೊದಲಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಜ್ವರ ಏರಿದಾಗಲೇ ಹುಡುಗಿಯನ್ನು ಸೋದರತ್ತೆಯ ಊರಿಗೆ ಕಳಿಸಿದ್ದರು. ಮರಳಿ ಬಂದವಳಿಗೆ ಗೌಡ, ನಿಮ್ಮವ್ವ ತವರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದನು. ಊರೆಲ್ಲ ಅದನ್ನೇ ಹೇಳಿತು. ಗೌಡ ಹೇಳಿದ್ದನ್ನು ಹೇಳುವುದು ಊರಿಗೆ ರೂಢಿ. ಆ ಮಗು ಅಂದಿನಿಂದ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ, ಆಡಿದರೆ ಕತ್ತೆಯ ಕಿವಿಯಲ್ಲಿ ಆಡುತ್ತಿತ್ತು ಎನ್ನುತ್ತಾರೆ.

ಬನ್ನಿ ಹಬ್ಬ ಹತ್ತಿರವಿದ್ದಾಗ ಒಂದು ಮುಂಜಾನೆ ಬೂದಿ ಕೆರೆಯ ಮಣ್ಣಿನ ಗುಂಡಿಯ ಬಳಿ ಹೇರಿನ ಸಮೇತ ಕುಳಿತುಬಿಟ್ಟಿತು. ಸಂಕಪ್ಪ ಹೇರು ಬಿಚ್ಚಿದನು, ನೀರು ಕುಡಿಸಿದನು, ಬೈದನು. ಮಧ್ಯಾಹ್ನದೊಳಗೆ ಅದು ಸತ್ತಿತು. ಮಣ್ಣು ತೆಗೆದ ಗುಂಡಿಯಲ್ಲೇ ಹೂತನು. ಇನ್ನೂ ಕೈ ತೊಳೆದುಕೊಂಡಿರಲಿಲ್ಲ, ಸುದ್ದಿ ತಿಳಿದ ಗೌಡ ಕೆರೆಗೇ ಬಂದನು.

“ಲೇ ಸಂಕಪ್ಪ, ಹುಡುಗಿಗೆ ಇದನ್ನ ಹೇಳಬ್ಯಾಡ.”

“ಮತ್ತೇನು ಹೇಳ್ಲಿರಿ ಗೌಡ್ರ? ಇದೂ ತವರಿಗೆ ಹೋಗೇತಿ ಅನ್ಲ್ಯಾ?”

ಗೌಡನಿಗೆ ಸಿಟ್ಟು ಬಂದಿರಬೇಕು, ಬೈಯಲಿಲ್ಲ. ತಾಯಿಯ ದಾರಿ ನೋಡುತ್ತಿರುವ ಮಗುವಿಗೆ ಸಾವು ಎಂಬ ಮಾತನ್ನೇ ಕೇಳಿಸಬಾರದು, ಒಂದು ಎಳೆ ಜಗ್ಗಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ ಎಂಬುದು ಅವನ ಭಯ. ಇಬ್ಬರೂ ಕುಳಿತು ಒಂದು ಉತ್ತರ ಕಟ್ಟಿದರು. ಬೂದಿಗೆ ಮುಪ್ಪಾಯಿತು, ದುಡಿದದ್ದು ಸಾಕು, ಗುಡ್ಡದ ಮೇಲೆ ಆರಾಮಾಗಿ ಮೇಯಲಿ ಎಂದು ಬಿಟ್ಟಿದ್ದೇವೆ. ಕೇಳಲು ಚೆನ್ನಾಗಿಯೇ ಇತ್ತು. ಅಚ್ಚು ಹಾಕಿಸುವ ಸೌಕರ್ಯ ಆಗ ಇರಲಿಲ್ಲ, ಅಷ್ಟೆ.

ಗುಡ್ಡದ ನೆತ್ತಿಯ ಗವಿಗಳಲ್ಲಿ ಕರಡಿಗಳಿದ್ದವು. ಮಕ್ಕಳಿಗೆ ಹಾಸುಬಂಡೆಯ ತನಕ ಹೋಗಲು ಮಾತ್ರ ಅಪ್ಪಣೆ. ಅಲ್ಲಿಯವರೆಗೆ ಊರಿನಿಂದ ಕಣ್ಣಿಗೆ ಕಾಣುತ್ತದೆ. ಗಾಳೆವ್ವ ಉಳಿದ ಮಕ್ಕಳನ್ನು ಕಟ್ಟಿಕೊಂಡು ಬೂದಿಗೆಂದು ಬಂಡೆಯ ತನಕ ಹುಲ್ಲು ಹೊತ್ತು, ಅಲ್ಲಿಟ್ಟು, ಮೇಲೆ ನೋಡಿ ಕೂಗಿ ಬಂದಳು. ಮರುದಿನ ಹೋದಾಗ ಹುಲ್ಲು ಇಟ್ಟಂತೆಯೇ ಇತ್ತು. “ಪಾಪ, ಇಳಿಯಾಕ ಆಗವಲ್ದು ಅದಕ್ಕ. ನಾನ ಮ್ಯಾಲ ಹೋಗಿ ನೋಡ್ತೀನಿ” ಎಂದಳಂತೆ. ಗೌಡನಿಗೆ ಕರಡಿಗಳು ನೆನಪಾದವು. ಹುಲ್ಲು ದಿನವೂ ಖರ್ಚಾಗಬೇಕು ಎಂದು ಸಂಕಪ್ಪನಿಗೆ ಹೇಳಿಕಳಿಸಿದನು. ನಾನೇ ಯಾಕೆ ಎಂದು ಕೇಳಿದ್ದಕ್ಕೆ, ಕತ್ತೆ ನಿನ್ನದಲ್ಲವೇ ಎಂಬ ಉತ್ತರ ಬಂತು.

ಹೀಗೆ ಸಂಕಪ್ಪನ ಹೊಸ ಕೆಲಸ ಶುರುವಾಯಿತು. ಮಧ್ಯಾಹ್ನ ಮಕ್ಕಳು ಉಂಡು ಮಲಗಿದ ಹೊತ್ತು ನೋಡಿ ಅವನು ಗುಡ್ಡ ಏರಬೇಕು, ಹುಲ್ಲನ್ನು ಕಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿಯಬೇಕು. ಕತ್ತೆಯಿಲ್ಲದ್ದರಿಂದ ಮಣ್ಣನ್ನೂ ಕೊಡಗಳನ್ನೂ ಈಗ ಅವನೇ ಹೊರುತ್ತಿದ್ದನು. ಮೊಣಕಾಲು ನೋವಿನವನು, ಏರುವಾಗ ಬಂಡೆಗೊಂದು ಬೈಗುಳ ಹಾಕುತ್ತಿದ್ದನಂತೆ. ತಂದ ಹುಲ್ಲನ್ನು ಹಿತ್ತಲಲ್ಲಿ ಒಟ್ಟಿ, ಆವಿಗೆಯಲ್ಲಿ ಕೊಡ ಸುಡುವಾಗ ಮೇಲೆ ಹೊದಿಸುತ್ತಿದ್ದನು. ಇನ್ನೇನು ಮಾಡಬೇಕಿತ್ತು, ಅವನೇ ತಿನ್ನಲಾಗುತ್ತಿರಲಿಲ್ಲ. ಇತ್ತ ಮಕ್ಕಳ ಉತ್ಸಾಹ ಹೆಚ್ಚಿತು. ಬೂದಿ ಎಲ್ಲವನ್ನೂ ತಿನ್ನುತ್ತಿದೆ! ಹೊರೆ ದೊಡ್ಡದಾಯಿತು. ಹಸಿಹುಲ್ಲು ಮುಗಿದ ಮೇಲೆ ಬಣವೆಗಳಿಂದ ಜೋಳದ ಕಣಿಕೆ ಹಿರಿದರು. “ಸತ್ತ ಕತ್ತಿ ನಮ್ಮ ಹೈನದ ಎಮ್ಮಿಕಿಂತ ಹೆಚ್ಚು ತಿಂತೈತಲ್ಲಬೇ” ಎಂದು ಹೆಂಗಸರು ಅಡುಗೆಮನೆಯಲ್ಲಿ ಗೊಣಗಿದರು. ಮಕ್ಕಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಗಾಳೆವ್ವ ತನ್ನ ಪಾಲಿನ ರೊಟ್ಟಿಯಲ್ಲೂ ಅರ್ಧವನ್ನು ಹುಲ್ಲಿನ ಮೇಲಿಟ್ಟು ಬರುತ್ತಿದ್ದಳು. ಆ ರೊಟ್ಟಿಯನ್ನು ಸಂಕಪ್ಪ ತಿಂದನೋ ಬಿಟ್ಟನೋ ಎಂಬ ಬಗ್ಗೆ ಊರಿನಲ್ಲಿ ಇಂದಿಗೂ ಒಮ್ಮತವಿಲ್ಲ.

ಒಂದು ಮಧ್ಯಾಹ್ನ ಗಾಳೆವ್ವನಿಗೆ ನಿದ್ದೆ ಬರಲಿಲ್ಲ. ಮಾಳಿಗೆಯ ಮೇಲಿಂದ ನೋಡಿದರೆ ಗುಡ್ಡದಿಂದ ಯಾರೋ ಹೊರೆ ಹೊತ್ತು ಇಳಿಯುತ್ತಿದ್ದಾರೆ. ಹೊರೆಗೆ ಸುತ್ತಿದ್ದ ಕೆಂಪು ಅರಿವೆ ಬೆಳಿಗ್ಗೆ ಅವಳೇ ಹುಲ್ಲಿಗೆ ಕಟ್ಟಿದ್ದು. ಮಕ್ಕಳನ್ನು ಎಬ್ಬಿಸಿ ಕೆರೆಯ ಏರಿಯ ಮೇಲೆ ದಾರಿ ಕಟ್ಟಿ ನಿಂತಳು. ಎದುರಾದವನು ಸಂಕಪ್ಪ. ಮಕ್ಕಳು ಅವನ ಹಿತ್ತಲಿಗೆ ನುಗ್ಗಿ ನೋಡಿದರೆ ಬೂದಿ ತಿಂದಿರಬೇಕಾದ ಹುಲ್ಲು ಅಲ್ಲಿ ಆವಿಗೆಯ ಪಕ್ಕ ಒಟ್ಟಿತ್ತು. ಕಳ್ಳ, ಕಳ್ಳ ಎಂದು ಕೂಗುತ್ತ ಅವನನ್ನು ಚಾವಡಿಗೆ ಎಳೆದು ತಂದರು. ಊರು ಸೇರಿತು. ಊರಿಗೆಲ್ಲ ನಿಜ ಗೊತ್ತು. ಯಾರೂ ಬಾಯಿ ಬಿಡಲಿಲ್ಲ.

“ಅಜ್ಜ, ಇಂವ ಬೂದಿ ಹುಲ್ಲು ಕದ್ದು ಆವಿಗಿಗೆ ಹಾಕ್ಯಾನ” ಎಂದಳು ಗಾಳೆವ್ವ. “ಅದು ಗುಡ್ಡದಾಗ ಉಪಾಸ ಐತಿ.”

ಗೌಡ ಕೇಳಲೇಬೇಕಾಯಿತು. “ಏನಲೇ ಸಂಕಪ್ಪ, ಕದ್ದೀಯೇನು?”

ಸಂಕಪ್ಪನಿಗೆ ಇದ್ದದ್ದು ಎರಡೇ ದಾರಿ. ಇಲ್ಲ ಎಂದರೆ ಕತ್ತೆ ಸತ್ತಿದೆ ಎನ್ನಬೇಕು. ಹೌದು ಎಂದರೆ ನೇರವಾಗಿ ಬದುಕಿದವನು ಮುಪ್ಪಿನಲ್ಲಿ ಕಳ್ಳನಾಗಬೇಕು.

“ಹೌದ್ರಿ. ಕದ್ದೀನಿ.”

“ಯಾವಾಗಿಂದ?”

“ನೀವು ಹೇಳಿಕಳಿಸಿದಾಗಿಂದ್ರಿ.”

ಹಿಂದೆ ಯಾರೋ ಕೆಮ್ಮಿದರು. ಮಕ್ಕಳು ಸಿಟ್ಟಿನಲ್ಲಿದ್ದವು, ಮಾತಿನ ಕಡೆ ಲಕ್ಷ್ಯ ಕೊಡಲಿಲ್ಲ. ಗೌಡ ಅವಸರದಿಂದ ತೀರ್ಪು ಕೊಟ್ಟನು. ಕದ್ದ ಹುಲ್ಲನ್ನು ತಲೆಯ ಮೇಲೆ ಹೊತ್ತು ಊರು ಸುತ್ತಬೇಕು. ಇನ್ನು ಮುಂದೆ ಗುಡ್ಡದ ಮೇಲೆ ಕಾಲಿಡಕೂಡದು. ಎರಡನೆಯ ಶಿಕ್ಷೆ ಕೇಳಿ ಸಂಕಪ್ಪನ ಮುಖದಲ್ಲಿ ಒಂದಿಷ್ಟು ನೆಮ್ಮದಿ ಕಂಡಿತಂತೆ. ಊರು ಸುತ್ತಿದನು. ಹಿಂದೆ ಮಕ್ಕಳ ಹಿಂಡು. ಅಂದಿನಿಂದ ಮಕ್ಕಳು ಕಳ್ಳನ ಕೊಡದ ನೀರು ಕುಡಿಯೆವೆಂದು ಹಟ ಹಿಡಿದವು. ತಾಯಂದಿರು ಬೇರೆ ಊರಿನ ಕೊಡ ತಂದರು. ಮಗುವಿನ ಮನಸ್ಸು ನೋಯಬಾರದಲ್ಲ.

ಮುಂದಿನದನ್ನು ಹಿರಿಯರು ಮೊದಲೇ ಯೋಚಿಸಬಹುದಿತ್ತು, ಯೋಚಿಸಲಿಲ್ಲ. ಸಂಕಪ್ಪ ಗುಡ್ಡಕ್ಕೆ ಹೋಗುವುದು ನಿಂತಿತು, ಹುಲ್ಲು ಬಂಡೆಯ ಮೇಲೇ ಉಳಿಯಿತು. ಮರುದಿನವೂ ಉಳಿಯಿತು. ಒಣಗಿತು, ಗಾಳಿಗೆ ಚೆದುರಿತು. ರೊಟ್ಟಿಗೆ ಇರುವೆ ಮುತ್ತಿದವು. ಉಳಿದ ಮಕ್ಕಳು ಬೇಸತ್ತು ಆಟಕ್ಕೆ ಮರಳಿದರು. ಗಾಳೆವ್ವ ಮಾತ್ರ ದಿನವೂ ಬಂಡೆಯ ಅಂಚಿನಲ್ಲಿ ಕುಳಿತು ಹುಲ್ಲನ್ನು ನೋಡಿದಳು. ಕಳ್ಳ ಬರುತ್ತಿಲ್ಲ, ಹುಲ್ಲು ಕಡಿಮೆಯಾಗುತ್ತಿಲ್ಲ. ಹಾಗಾದರೆ ಇಷ್ಟು ದಿನ ತಿಂದವರು ಯಾರೂ ಇಲ್ಲ. ಇಷ್ಟನ್ನು ತಿಳಿಯಲು ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಗುಡ್ಡ ಇಳಿದು ನೇರವಾಗಿ ಕುಂಬಾರನ ಮನೆಗೆ ಹೋದಳು. ಅವನು ಮಣ್ಣು ತುಳಿಯುತ್ತಿದ್ದನು.

“ಸಂಕಪ್ಪಜ್ಜ, ಬೂದಿ ಯಾವಾಗ ಸತ್ತಿತು?”

ಅವನು ನಿಜ ಹೇಳಿದ್ದನ್ನು ಕೆಲವರು ದೊಡ್ಡ ಗುಣವೆಂದು ಹೊಗಳುತ್ತಾರೆ. ಹಳಬರ ಮಾತಿನಲ್ಲಿ ಅಂಥ ಹೊಗಳಿಕೆಯಿಲ್ಲ. ಅವನು ದಣಿದಿದ್ದನು, ಇನ್ನೊಂದು ಸುಳ್ಳು ಕಟ್ಟಿ ಅದನ್ನೂ ಹೊರುವ ತ್ರಾಣ ಇರಲಿಲ್ಲ ಎನ್ನುತ್ತಾರೆ.

“ಬನ್ನಿ ಹಬ್ಬದ ಮುಂದ ಸತ್ತಿತವ್ವ. ಮುಪ್ಪಾಗಿತ್ತು. ಕೆರಿ ಗುಂಡ್ಯಾಗ ಹೂತೀನಿ.”

“ನೀ ಅತ್ತಿಯೇನು?”

“ಎಲ್ಲಿ ಅಳ್ಲಿ? ನಿನ್ನ ಹುಲ್ಲು ಹೊರೂದ್ರಾಗ ಹೊತ್ತು ಹೋತು.”

ಹುಡುಗಿ ಹಸಿಮಣ್ಣಿನ ಮೇಲೆಯೇ ಕುಳಿತು ಅತ್ತಳು. ಸಂಕಪ್ಪನೂ ಕುಳಿತನು. ಅಳುವಷ್ಟು ಪುರುಸೊತ್ತು ಅವನಿಗೆ ಆಗಲೇ ಸಿಕ್ಕಿತು. ಎಷ್ಟೋ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು, “ಹಂಗಾರ ನಮ್ಮವ್ವನೂ ತವರಿಗೆ ಹೋಗಿಲ್ಲ” ಎಂದಳು. ಕೇಳಿದಂತೆ ಇರಲಿಲ್ಲ, ಹೇಳಿದಂತೆ ಇತ್ತು. “ಅದನ್ನ ನಿಮ್ಮಜ್ಜ ಹೇಳಬೇಕವ್ವ” ಎಂದು ಸಂಕಪ್ಪ ಅವಳ ಕೈ ಹಿಡಿದು ಗೌಡನ ಮನೆಯ ತನಕ ನಡೆಸಿಕೊಂಡು ಹೋದನು. ಹೊಸ್ತಿಲು ದಾಟಲಿಲ್ಲ. ಗೌಡ ಏನು ಹೇಳಿದನೆಂಬುದು ಯಾರ ಕಥೆಯಲ್ಲೂ ಇಲ್ಲ. ಮೊದಲು ಹುಡುಗಿ ಅತ್ತದ್ದು ಓಣಿಗೆ ಕೇಳಿತು, ಆಮೇಲೆ ಗೌಡ ಅತ್ತದ್ದು ಕೇಳಿತು ಎನ್ನುತ್ತಾರೆ. ಎರಡನೆಯದು ಊರಿಗೆ ಹೊಸದು.

ಮರುದಿನ ಅಜ್ಜ ಮೊಮ್ಮಗಳು ಇಬ್ಬರೂ ಗುಡ್ಡ ಏರಿದರು. ಗೌಡ ರುಮಾಲು ಬಿಚ್ಚಿ ಸಿಂಬೆ ಮಾಡಿ, ಒಣಗಿದ ಹುಲ್ಲನ್ನು ತನ್ನ ತಲೆಯ ಮೇಲೆ ಹೊತ್ತು ಇಳಿದನು. ಸಂಕಪ್ಪನನ್ನು ಸುತ್ತಿಸಿದ ಓಣಿಗಳಲ್ಲೇ ಸುತ್ತಿ ಅವನ ಹಿತ್ತಲಿಗೆ ತಂದು ಇಳಿಸಿದನು. ತಪ್ಪಾಯಿತು ಎಂದನೋ ಇಲ್ಲವೋ ತಿಳಿಯದು. ಗೌಡರು ಆ ಮಾತು ಕಲಿತಿರುವುದು ಕಡಿಮೆ. ಮಕ್ಕಳು ಆಗಲೇ ಹುಲ್ಲುಗಳ್ಳನ ಗುಡ್ಡ ಎಂದು ಕರೆಯಲು ಶುರುಮಾಡಿದ್ದವು. “ಬೂದಿಗುಡ್ಡ ಅಂತ ಹೆಸರಿಟ್ಟು ಡಂಗುರ ಹೊಡಸ್ತೀನಿ. ನಿನ್ನ ಮ್ಯಾಲಿನ ಮಾತು ಅಳಿದುಹೋಗ್ಲಿ” ಎಂದನು ಗೌಡ.

ಸಂಕಪ್ಪ ಒಪ್ಪಲಿಲ್ಲ. “ಇರ್ಲಿ ಬಿಡ್ರಿ ಗೌಡ್ರ. ಬೂದಿಗುಡ್ಡ ಅಂದ್ರ ಯಾವ ಹುಡುಗ್ರೂ ಏನೂ ಕೇಳೂದಿಲ್ಲ. ಕಳ್ಳ ಅಂದ್ರ, ಯಾರು ಕಳ್ಳ ಅಂತ ಕೇಳ್ತಾವ. ಕೇಳಿದಾಗ ಹೇಳ್ರಿ, ಸಾಕು.”

ಊರಿನಲ್ಲಿ ಈ ಪದ್ಧತಿ ಇನ್ನೂ ಉಳಿದಿದೆ. ಯಾರು ಕಳ್ಳ ಎಂದು ಮಗು ಕೇಳಿದ ದಿನ, ಮನೆಯ ಹಿರಿಯರೊಬ್ಬರು ಅದರ ತಲೆಯ ಮೇಲೊಂದು ಪುಟ್ಟ ಹೊರೆ ಇಟ್ಟು ಹಾಸುಬಂಡೆಗೆ ಕರೆದೊಯ್ಯುತ್ತಾರೆ. ಅಲ್ಲಿ ಕೂರಿಸಿ ಪೂರ್ತಿ ಹೇಳುತ್ತಾರೆ. ಸತ್ತಿತು ಎನ್ನುವಲ್ಲಿ ಸತ್ತಿತು ಎಂದೇ ಹೇಳುತ್ತಾರೆ. ಹೆಚ್ಚಿನ ಮಕ್ಕಳು ಅಳುತ್ತವೆ. ಕತ್ತೆಗೆ ಕಾಲು ನೋಯುತ್ತಿತ್ತೇ ಎಂದು ಕೆಲವು ಕೇಳುತ್ತವೆ. ಆಮೇಲೆ ಹೊರೆಯನ್ನು ಮಗುವೇ ಹೊತ್ತು ಇಳಿಸಬೇಕು. ಅದು ಮನೆಯ ದನಕ್ಕೆ. ಇಳಿಯುವ ದಾರಿಯಲ್ಲಿ ಕೆಲವು ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತವೆ, ತಮ್ಮದೇ ಮನೆಯ ಯಾರ ಬಗ್ಗೆಯಾದರೂ. ಕರೆದೊಯ್ಯುವವರು ಮನೆಯವರೇ ಆಗಬೇಕೆಂಬ ನಿಯಮ ಅದಕ್ಕಾಗಿಯೇ ಇದೆ. ಕಥೆ ಕೇಳಿ ಕೆಟ್ಟುಹೋದ ಮಗುವಿನ ಉದಾಹರಣೆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮನೆಗೆ ಬಂದು ಉಣ್ಣುತ್ತವೆ, ಕೆಲವು ಎರಡು ಸಲ ಹಾಕಿಸಿಕೊಳ್ಳುತ್ತವೆ.

ಕಥೆಯಲ್ಲಿ ಎಷ್ಟು ನಿಜ ಎಂದು ಹೇಳಲಾಗದು. ಕರಡಿಗಳು ಕ್ವಾರಿಯ ಮದ್ದಿನ ಸದ್ದಿಗೆ ಓಡಿಹೋಗಿ ಬಹಳ ಕಾಲವಾಯಿತು. ಕತ್ತೆ ಹೂತ ಗುಂಡಿ ಹೂಳಿನಡಿ ಎಲ್ಲಿದೆಯೋ ತಿಳಿಯದು. ಹಾಸುಬಂಡೆಯ ನಡುವೆ, ಹೊರೆ ಇಳಿಸಿ ಇಳಿಸಿ ನುಣುಪಾದ ಜಾಗವೊಂದಿದೆ. ಮಳೆಯ ನೀರಿಗೂ ಹಾಗಾಗಿರಬಹುದು. ಪಟ್ಟಣದಿಂದ ಬಂದವರು ಹಸಿರು ಫಲಕದ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಮಕ್ಕಳು ಫಲಕ ಓದುತ್ತವೆ, ಏನೂ ಕೇಳುವುದಿಲ್ಲ. ಕೆಳಗೆ ಇಳಿದಾಗ ಚಹಾ ಅಂಗಡಿಯ ಮುದುಕಿ, “ಹುಲ್ಲುಗಳ್ಳನ ಗುಡ್ಡ ನೋಡಿ ಬಂದ್ರೇನ್ರಿ?” ಎನ್ನುತ್ತಾಳೆ. ಆಗ ಯಾವುದಾದರೂ ಒಂದು ಮಗು ತಲೆ ಎತ್ತುತ್ತದೆ. “ಯಾರು ಕಳ್ಳ?” ಬಸ್ಸಿಗೆ ಹೊತ್ತಾಯಿತು ಎಂದು ತಂದೆತಾಯಿ ಎದ್ದು ನಿಲ್ಲುತ್ತಾರೆ. ಮುದುಕಿ ಒತ್ತಾಯ ಮಾಡುವುದಿಲ್ಲ. ಅಂಗಡಿಯ ಪಕ್ಕದ ಗೋಡೆಗೆ ಒರಗಿಸಿ ಅವಳು ಯಾವಾಗಲೂ ಒಂದು ಪುಟ್ಟ ಹುಲ್ಲಿನ ಹೊರೆ ಕಟ್ಟಿಟ್ಟಿರುತ್ತಾಳೆ.