ಡಂಗುರದ ಜೋಳ

"ಗುರುಗಳೇ, ಬೇಡವಾದ ಮಾತಿಗೂ ಹಣ ಕೊಡಲೇಬೇಕೆ?" ಎಂದು ಶಿಷ್ಯ ಕೇಳಿದ.

ಯಾವ ಮಾತು ಎಂದು ಗುರುಗಳು ವಿಚಾರಿಸಿದರು.

"ರೇಡಿಯೋ ಇರುವ ಮನೆಯವರೆಲ್ಲ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕು. ಕಟ್ಟದಿದ್ದರೆ ದಂಡ. ನಾನಂತೂ ಅದನ್ನು ಕೇಳುವುದನ್ನೇ ಬಿಟ್ಟಿದ್ದೇನೆ. ದೊಡ್ಡವರು ಎಲ್ಲಿಗೆ ಹೋದರು, ಏನನ್ನು ಉದ್ಘಾಟಿಸಿದರು, ಅಷ್ಟೇ ಅದರ ಸುದ್ದಿ. ಈ ವರ್ಷ ಕಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಬೇಕಾದವರು ಕಟ್ಟಿಕೊಳ್ಳಲಿ. ನನ್ನದು ತಪ್ಪೇ?"

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎಂದೂ ಎನ್ನಲಿಲ್ಲ. ಕುಳಿತುಕೋ ಎಂದು ಹೇಳಿ ಒಬ್ಬ ಹೆಂಗಸಿನ ಕತೆ ಹೇಳಿದರು.

ನೂರಿಪ್ಪತ್ತು ಮನೆಗಳ ಒಂದು ಊರು. ಅಲ್ಲಿ ದುರುಗಪ್ಪ ಎಂಬ ಡಂಗುರದವನಿದ್ದ. ಬೆಳಗಾದರೆ ಕೊರಳಿಗೆ ತಮಟೆ ಹಾಕಿಕೊಂಡು ಕೇರಿಕೇರಿಗೆ ಹೋಗಿ ಸುದ್ದಿ ಸಾರುತ್ತಿದ್ದ. ಹೊಳೆ ಏರಿದೆ, ದೋಣಿ ಬಿಡುವುದಿಲ್ಲ. ಸಂತೆಯಲ್ಲಿ ಹತ್ತಿಗೆ ಇಂತಿಷ್ಟು ದರ. ಪಕ್ಕದ ಊರಿನ ದನಗಳಿಗೆ ಬೇನೆ ಬಂದಿದೆ, ಹಗ್ಗ ಬಿಚ್ಚಬೇಡಿ. ಇದಕ್ಕಾಗಿ ಸುಗ್ಗಿ ಮುಗಿದ ಮೇಲೆ ಪ್ರತಿ ಮನೆಯಿಂದ ಒಂದು ಸೇರು ಜೋಳ ಅವನಿಗೆ ಸಲ್ಲಬೇಕು. ಬಡವನಿರಲಿ, ಬಲ್ಲಿದನಿರಲಿ, ಕೊಡುವುದಿಲ್ಲ ಎನ್ನುವಂತಿರಲಿಲ್ಲ.

ಅದೇ ಊರಿನಲ್ಲಿ ಬಾಳವ್ವ ಎಂಬವಳಿದ್ದಳು. ಅವಳೂ ಅವಳ ಗಂಡ ಅಡಿವೆಪ್ಪನೂ ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದರು. ಒಮ್ಮೆ ಊರ ಗೌಡನ ಮನೆಯಿಂದ ಬಣ್ಣಕ್ಕೆ ಬಂದ ರೇಷ್ಮೆಯ ಒಂದು ಕಟ್ಟು ಕಾಣೆಯಾಯಿತು. ಗೌಡ ವಿಚಾರಣೆ ಮಾಡಲಿಲ್ಲ. ದುರುಗಪ್ಪನನ್ನು ಕರೆಸಿ ಹೇಳಿದ. ಮರುದಿನ ಏಳು ಕೇರಿಗಳಲ್ಲೂ ತಮಟೆ ಕೇಳಿಸಿತು: "ಅಡಿವೆಪ್ಪ ಕಳ್ಳ. ಅವನ ಕೈಗೆ ಯಾರೂ ನೂಲು ಕೊಡಬಾರದು."

ತಿಂಗಳೊಪ್ಪತ್ತಿನಲ್ಲಿ ಆ ಕಟ್ಟು ಗೌಡನ ಮನೆಯ ಅಟ್ಟದ ಮೇಲೇ ಸಿಕ್ಕಿತು. ಅದನ್ನು ಯಾರೂ ಸಾರಲಿಲ್ಲ. ಅಡಿವೆಪ್ಪ ಹೊರಗೆ ಹೋಗುವುದನ್ನು ಬಿಟ್ಟ, ಆಮೇಲೆ ಊಟ ಬಿಟ್ಟ, ಆ ವರ್ಷ ಕಳೆಯುವುದರೊಳಗೆ ತೀರಿಕೊಂಡ.

ಸುಗ್ಗಿ ಮುಗಿಯಿತು. ದುರುಗಪ್ಪ ಎಂದಿನಂತೆ ಚೀಲ ಹಿಡಿದು ಬಾಳವ್ವನ ಬಾಗಿಲಿಗೆ ಬಂದ. ಬಾಳವ್ವ ಒಳಗಿನಿಂದಲೇ, "ಕೊಡುವುದಿಲ್ಲ" ಎಂದಳು.

ಗೌಡನ ಆಳುಗಳು ಬಂದು ಅವಳ ಬಣ್ಣದ ಹಂಡೆಯನ್ನು ಹೊತ್ತುಕೊಂಡು ಹೋದರು. ಅವಳು ಮಣ್ಣಿನ ಮಡಕೆಗಳಲ್ಲಿ ನೂಲು ಅದ್ದಿದಳು. ಮರುವರ್ಷವೂ ಕೊಡಲಿಲ್ಲ. ಎಮ್ಮೆಯ ಕರುವನ್ನು ಹಿಡಿದುಕೊಂಡು ಹೋದರು. ಕರು ಹೋದ ಮೇಲೆ ಎಮ್ಮೆ ಮೂರು ದಿನ ಕೂಗಿತು. ಬಾಳವ್ವ ಅದರ ಬೆನ್ನು ಸವರುತ್ತ ಹಲ್ಲು ಕಚ್ಚಿಕೊಂಡು ಕುಳಿತಳು. ಮೂರನೆಯ ವರ್ಷ ಆಳುಗಳು ಬರುವವರೆಗೆ ಕಾಯಲಿಲ್ಲ. ತಾನೇ ಕಟ್ಟೆಗೆ ಹೋಗಿ, ಊರ ಹಿರಿಯರು ಕುಳಿತಿದ್ದ ಹೊತ್ತಿನಲ್ಲಿ ನಡುವೆ ನಿಂತಳು.

"ನನ್ನ ಗಂಡ ಕಳ್ಳ ಎಂದು ಸಾರಿಸಿದಿರಿ. ರೇಷ್ಮೆ ಸಿಕ್ಕಿತು. ಸಿಕ್ಕಿದ್ದನ್ನು ಸಾರಿಸಲಿಲ್ಲ. ನನ್ನ ಮನೆಯ ಜೋಳ ತಿಂದ ಬಾಯಿಯೇ ನನ್ನ ಮನೆಯ ಮಾನ ತೆಗೆಯಿತು. ಹಂಡೆ ಒಯ್ದಿರಿ, ಕರು ಒಯ್ದಿರಿ. ಬೇಕಾದರೆ ನನ್ನನ್ನೂ ಒಯ್ಯಿರಿ. ಜೋಳ ಮಾತ್ರ ಕೊಡುವುದಿಲ್ಲ."

ಗೌಡ ನೆಲ ನೋಡಿದ. ಅಷ್ಟರಲ್ಲಿ ಗುಂಪಿನಿಂದ ಒಬ್ಬ, ತಮಟೆ ಬರುವ ಮೊದಲೇ ತಾನು ಹೊಲಕ್ಕೆ ಹೋಗಿರುತ್ತೇನೆ, ತಾನೇಕೆ ಕೊಡಬೇಕು ಎಂದ. ಇನ್ನೊಬ್ಬ, ತನಗೆ ಹತ್ತಿಯೂ ಇಲ್ಲ ದೋಣಿಯೂ ಬೇಡ ಎಂದ. ಗದ್ದಲ ಹೆಚ್ಚಿತು. ಕೊನೆಗೆ ಹಿರಿಯರು ತೀರ್ಮಾನ ಹೇಳಿದರು: ಇನ್ನು ಬಲವಂತವಿಲ್ಲ, ಮನಸ್ಸಿದ್ದವರು ಕೊಡಬಹುದು.

ಅಂದು ಬಾಳವ್ವ ತಲೆ ಎತ್ತಿಕೊಂಡು ಮನೆಗೆ ನಡೆದಳು. ಗಂಡ ಸತ್ತ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಆ ವರ್ಷ ಅರವತ್ತು ಮನೆಗಳವರು ಜೋಳ ಕೊಟ್ಟರು. ಅದರ ಮರುವರ್ಷ ಇಪ್ಪತ್ತು. ಕೊಡದವರೂ ಬಾಗಿಲಲ್ಲಿ ನಿಂತು ತಮಟೆ ಕೇಳುವುದನ್ನು ಬಿಡಲಿಲ್ಲ. ದುರುಗಪ್ಪನ ಮನೆಯಲ್ಲಿ ನಾಲ್ಕು ಹೊಟ್ಟೆಗಳು. ಅವನು ಕೂಲಿಗೆ ಹೋಗತೊಡಗಿದ. ಎಷ್ಟೋ ಬೆಳಗುಗಳಲ್ಲಿ ಊರಿಗೆ ಸುದ್ದಿಯೇ ಇರಲಿಲ್ಲ.

ಆಗ ಒಬ್ಬ ಎಣ್ಣೆ ವ್ಯಾಪಾರಿ ಮುಂದೆ ಬಂದ. "ಊರಿಗೆ ಡಂಗುರ ಬೇಕು. ಯಾರೂ ಏನೂ ಕೊಡಬೇಡಿ, ದುರುಗಪ್ಪನನ್ನು ನಾನು ಸಾಕುತ್ತೇನೆ" ಎಂದ. ತಿಂಗಳಿಗೊಂದು ಚೀಲ ಜೋಳ ಗೊತ್ತುಮಾಡಿದ, ಕೆಂಪು ರುಮಾಲು ಸುತ್ತಿಸಿದ. ತಮಟೆ ಮತ್ತೆ ದಿನವೂ ಕೇಳಿಸತೊಡಗಿತು. ಮೊದಲು ವ್ಯಾಪಾರಿಯ ಕುಸುಬೆ ಎಣ್ಣೆಯ ಹೊಗಳಿಕೆ, ಆಮೇಲೆ ಹೊಳೆ, ಸಂತೆ, ದನ. ಊರವರು ಹಿಗ್ಗಿದರು. ಖರ್ಚಿಲ್ಲದೆ ಸುದ್ದಿ ಬರುವಾಗ ಯಾರಿಗೆ ಬೇಡ? ಬಾಳವ್ವನಿಗೂ ಹಾಗೆಯೇ ಅನ್ನಿಸಿತು. ತನ್ನ ಹಟದಿಂದ ಯಾರಿಗೂ ನಷ್ಟವಾಗಲಿಲ್ಲವಲ್ಲ ಎಂದುಕೊಂಡಳು.

ಮುಂದಿನ ಮಳೆಗಾಲದಲ್ಲಿ ಊರಿನವರ ಕಾಲುಗಳು ಬಾತುಕೊಳ್ಳತೊಡಗಿದವು. ಮೊದಲು ಪಾದ, ಆಮೇಲೆ ಮೊಣಕಾಲು. ಉಸಿರಾಡುವುದೇ ಕಷ್ಟವಾಗುತ್ತಿತ್ತು. ಬಾಳವ್ವನ ಪಕ್ಕದ ಮನೆಯ ಸೊಸೆ ಹದಿನೈದು ದಿನ ನರಳಿ ಸತ್ತಳು. ಗಾಳಿ ಕೆಟ್ಟಿದೆ, ಬೇವಿನ ಹೊಗೆ ಹಾಕಿ ಎಂದು ದುರುಗಪ್ಪ ಸಾರಿದ. ಅದರ ಹಿಂದೆಯೇ ಎಣ್ಣೆಯ ಹೊಗಳಿಕೆಯನ್ನೂ ಸಾರಿದ.

ಒಂದು ದಿನ ಬಾಳವ್ವ ಎಮ್ಮೆಗೆ ಹಿಂಡಿ ತರಲು ವ್ಯಾಪಾರಿಯ ಗಾಣಕ್ಕೆ ಹೋದಳು. ಗಾಣದ ಪಕ್ಕದಲ್ಲಿ ಕುಸುಬೆಯ ರಾಶಿ. ಕುಸುಬೆ ಬಿಳಿ. ಆ ಬಿಳಿಯ ನಡುವೆ ಸಾಸಿವೆಯಂಥ ಕಪ್ಪು ಬೀಜಗಳು ಹಿಡಿಹಿಡಿಯಾಗಿ ಬೆರೆತಿದ್ದವು. ಅವಳು ಆ ಬೀಜವನ್ನು ಬಲ್ಲಳು. ಬೀಳುನೆಲದಲ್ಲಿ ಬೆಳೆಯುವ ಹಳದಿ ಹೂವಿನ ಮುಳ್ಳುಗಿಡದ್ದು. ಬಣ್ಣಕ್ಕಾದೀತೇನೋ ಎಂದು ಒಮ್ಮೆ ಆ ಗಿಡವನ್ನು ಕುದಿಸಿದಾಗ, ಅದು ವಿಷ, ಕೈಯಿಂದ ಮುಟ್ಟಬೇಡ ಎಂದು ಅಡಿವೆಪ್ಪ ಗದರಿದ್ದ.

"ಇದನ್ನು ಯಾಕೆ ಹಾಕುತ್ತೀರಿ ತಮ್ಮ?" ಎಂದು ಗಾಣದವನನ್ನು ಕೇಳಿದಳು.

"ಕುಸುಬೆಯ ಬೆಲೆ ಏರಿದೆಯಲ್ಲ ಅವ್ವ. ಧಣಿ ಬೆರೆಸು ಎಂದರು, ಬೆರೆಸಿದೆ" ಎಂದ ಅವನು.

ಬಾಳವ್ವ ಹಿಂಡಿಯನ್ನು ಅಲ್ಲೇ ಬಿಟ್ಟು ಬಂದಳು. ತನ್ನ ಕೇರಿಯ ಮನೆಮನೆಗೂ ಹೋಗಿ ಹೇಳಿದಳು. ಅವರು ನಂಬಿದರು, ಎಣ್ಣೆ ಚೆಲ್ಲಿದರು. ಆಚೆ ಕೇರಿಯವರು ನಂಬಲಿಲ್ಲ. "ಹಾಗಿದ್ದರೆ ಡಂಗುರದವನು ಹೇಳುತ್ತಿರಲಿಲ್ಲವೇ?" ಎಂದರು.

ಅವಳು ನೇರವಾಗಿ ದುರುಗಪ್ಪನ ಮನೆಗೆ ಹೋದಳು. ಆ ಅಂಗಳಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಎಣ್ಣೆಯ ವಿಷಯ ಹೇಳಿದಳು.

"ಗೊತ್ತು ಅವ್ವ" ಎಂದ ದುರುಗಪ್ಪ. "ನನ್ನ ಮನೆಯಲ್ಲಿ ಆ ಎಣ್ಣೆ ಬಳಸುವುದಿಲ್ಲ."

ಬಾಳವ್ವನಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. "ಗೊತ್ತಿದ್ದೂ ಸಾರಲಿಲ್ಲವೇ?"

"ಅವರ ಜೋಳ ತಿನ್ನುತ್ತೇನೆ. ಹೇಗೆ ಸಾರಲಿ?" ಅವನು ತಲೆ ತಗ್ಗಿಸಿದ. "ನಿನ್ನ ಸಿಟ್ಟು ನನಗೆ ಗೊತ್ತಿದೆ. ಬೇಕಾದರೆ ನಾಳೆಯೇ ನಿನ್ನ ಗಂಡ ಕಳ್ಳನಲ್ಲ ಎಂದು ಏಳು ಕೇರಿಗಳಲ್ಲಿ ಸಾರುತ್ತೇನೆ. ಅದಕ್ಕೆ ಧಣಿಯ ಅಡ್ಡಿಯಿಲ್ಲ. ಎಣ್ಣೆಯ ಮಾತು ಬಿಟ್ಟುಬಿಡು."

ಆ ಒಂದು ಮಾತಿಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಹಂಡೆ ಕಳೆದುಕೊಂಡದ್ದು ಅದಕ್ಕೆ, ಕರು ಕಳೆದುಕೊಂಡದ್ದು ಅದಕ್ಕೆ. ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡಳು.

"ಅವನು ಸತ್ತಿದ್ದಾನೆ ದುರುಗಪ್ಪ, ಅವನಿಗೆ ಅವಸರವಿಲ್ಲ. ಎಣ್ಣೆ ತಿನ್ನುವವರು ಇನ್ನೂ ಬದುಕಿದ್ದಾರೆ. ಅದನ್ನು ಸಾರು."

"ಆಮೇಲೆ ನನಗೆ ಜೋಳ ಕೊಡುವವರು ಯಾರು?"

ಬಾಳವ್ವ ಮನೆಗೆ ಬಂದು ಚೀಲಕ್ಕೆ ತನ್ನ ಸೇರನ್ನು ಮೊದಲು ಸುರಿದಳು. ಆಮೇಲೆ ಎಮ್ಮೆಯನ್ನು ಹೊಡೆದುಕೊಂಡು ಮೊದಲ ಕೇರಿಯಿಂದ ಹೊರಟಳು. ಬಾಗಿಲು ಬಾಗಿಲಿಗೂ ನಿಂತು ಡಂಗುರದ ಜೋಳ ಕೇಳಿದಳು. ಕೆಲವರು ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದಲ್ಲಿ ಅದು ತೆರೆಯುವವರೆಗೆ ನಿಂತಳು.

ಅಂದು ಕಟ್ಟೆಯಲ್ಲಿ ತಾನು ಹೊಲಕ್ಕೆ ಹೋಗಿರುತ್ತೇನೆ ಎಂದಿದ್ದ ರೈತ ಅವಳನ್ನು ಕಂಡು ನಕ್ಕ. "ಕೊಡುವುದಿಲ್ಲ ಎಂದು ಊರಿಗೆ ಕಲಿಸಿದವಳೇ ನೀನು. ಈಗ ಕೇಳಲು ನಾಚಿಕೆಯಾಗುವುದಿಲ್ಲವೇ?"

"ಆಗುತ್ತದೆ ಅಣ್ಣ. ನಾಚಿಕೊಂಡೇ ಬಂದಿದ್ದೇನೆ. ಸೇರು ತುಂಬು."

ರೈತ ಒಳಗೆ ಹೋಗಿ ಸೇರು ತುಂಬಿ ತಂದ.

ಸಂಜೆಯ ಹೊತ್ತಿಗೆ ಎಮ್ಮೆಯ ಬೆನ್ನಿನ ಮೇಲೆ ಒಂದು ಚೀಲ ಭರ್ತಿಯಾಗಿ, ಬಾಳವ್ವನ ತಲೆಯ ಮೇಲೆ ಇನ್ನೊಂದು ಗಂಟು ಇತ್ತು. ದುರುಗಪ್ಪನ ಅಂಗಳದಲ್ಲಿ ಎರಡನ್ನೂ ಇಳಿಸಿ, "ಇದು ಎಂಬತ್ತು ಮನೆಗಳ ಜೋಳ. ಯಾವ ಕಾಳು ಯಾರದು ಎಂದು ಬೇರೆ ಮಾಡಲು ನಿನ್ನಿಂದ ಆಗುವುದಿಲ್ಲ" ಎಂದು ಹೇಳಿ ಹೊರಟುಹೋದಳು.

ಬೆಳಗ್ಗೆ ದುರುಗಪ್ಪ ಕೆಂಪು ರುಮಾಲನ್ನು ಮಡಚಿ ವ್ಯಾಪಾರಿಯ ಅಂಗಡಿಯ ಮೆಟ್ಟಿಲ ಮೇಲಿಟ್ಟ. ಅಲ್ಲೇ ನಿಂತು ತಮಟೆ ಬಡಿದ. "ಈ ಅಂಗಡಿಯ ಎಣ್ಣೆಯಲ್ಲಿ ವಿಷದ ಬೀಜ ಬೆರೆತಿದೆ. ತಿನ್ನಬೇಡಿ. ಕಾಲು ಬಾತವರು ಇಂದಿನಿಂದಲೇ ಬಿಡಿ. ಗೊತ್ತಿದ್ದೂ ನಾನು ಹೇಳಲಿಲ್ಲ, ಅದು ನನ್ನ ತಪ್ಪು."

ವ್ಯಾಪಾರಿ ಗೌಡನಿಗೆ ಹೇಳಿಕಳುಹಿಸಿದ. ಗೌಡನ ಆಳು ಓಡಿಬಂದು ತಮಟೆಯ ಕೋಲಿಗೆ ಕೈ ಹಾಕಿದ. ಬಾಳವ್ವ ಇಬ್ಬರ ನಡುವೆ ಬಂದು ನಿಂತಳು.

"ಈ ತಮಟೆಗೆ ಜೋಳ ಕೊಟ್ಟವರು ನಾವು. ಮುಟ್ಟಿ ನೋಡು!"

ಆಳು ಅವಳ ಹಿಂದೆ ನೋಡಿದ. ಕೇರಿಯವರೆಲ್ಲ ಬಾಗಿಲು ಬಿಟ್ಟು ಬೀದಿಗೆ ಇಳಿದಿದ್ದರು. ಅವನು ಕೈ ತೆಗೆದ.

ಮಧ್ಯಾಹ್ನದೊಳಗೆ ಏಳು ಕೇರಿಗಳ ಚರಂಡಿಗಳಲ್ಲೂ ಎಣ್ಣೆ ಹರಿಯಿತು. ಆಗಲೇ ಕಾಲು ಬಾತಿದ್ದವರಲ್ಲಿ ಇನ್ನಿಬ್ಬರು ಉಳಿಯಲಿಲ್ಲ. ಉಳಿದವರ ಬಾವು ತಿಂಗಳಲ್ಲಿ ಇಳಿಯಿತು. ವ್ಯಾಪಾರಿ ಊರು ಬಿಟ್ಟ.

ಮತ್ತೆ ಸಭೆ ಸೇರಿತು. ಪ್ರತಿ ಮನೆಯೂ ಒಂದು ಸೇರು ಕೊಡಲೇಬೇಕು ಎಂದು ಬಾಳವ್ವ ಕೇಳಿದಳು. ಗೌಡನ ಮನೆಯಿಂದಲೂ ಒಂದೇ ಸೇರು, ಅವನು ಹೆಚ್ಚು ಕೊಟ್ಟರೆ ಡಂಗುರದವನು ಹಿಂದಿರುಗಿಸಬೇಕು, ಏನು ಸಾರಬೇಕು ಎಂದು ದುರುಗಪ್ಪನಿಗೆ ಹೇಳಿಕಳುಹಿಸುವ ಅಧಿಕಾರ ಒಬ್ಬರಿಗೇ ಇರಕೂಡದು ಎಂದಳು.

ಗೌಡ ಮೀಸೆಯಲ್ಲೇ ನಕ್ಕ. "ಆಗಲಿ ಬಾಳವ್ವ. ನಾಳೆ ನಿನ್ನಂಥವಳೇ ಒಬ್ಬಳು ಕೊಡುವುದಿಲ್ಲ ಎಂದರೆ ಏನು ಮಾಡೋಣ? ಹಂಡೆ ತರಿಸಲೇ?"

ಸಭೆ ಅವಳ ಮುಖ ನೋಡಿತು.

"ತರಿಸಿ ಗೌಡರೇ" ಎಂದಳು ಬಾಳವ್ವ. "ಆದರೆ ಅದಕ್ಕೆ ಮೊದಲು ಅವಳನ್ನು ಈ ಕಟ್ಟೆಗೆ ಕರೆದು ಏಕೆ ಕೊಡುವುದಿಲ್ಲ ಎಂದು ಕೇಳಿ, ಪೂರ್ತಿ ಕೇಳಿ. ನನ್ನನ್ನು ಮೂರು ವರ್ಷ ಯಾರೂ ಕೇಳಲಿಲ್ಲ."

ಹಿರಿಯರು ಒಪ್ಪಿದರು.

ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಬಾಳವ್ವನ ಸೇರು ಎಲ್ಲರಿಗಿಂತ ಮೊದಲು ದುರುಗಪ್ಪನ ಮನೆ ಸೇರುತ್ತಿತ್ತು. ಜೋಳ ಸುರಿದವಳು ಹಾಗೇ ಹಿಂದಿರುಗುತ್ತಿರಲಿಲ್ಲ. ಹತ್ತಿಯ ದರ ತಪ್ಪು ಹೇಳಿದ್ದಕ್ಕೆ, ಹೊಳೆಯಾಚೆಯ ಜಗಳದಲ್ಲಿ ಒಬ್ಬರ ಕಡೆಯ ಮಾತನ್ನಷ್ಟೇ ಸಾರಿದ್ದಕ್ಕೆ, ಅಂಗಳದಲ್ಲಿ ನಿಂತು ಕೇರಿಗೆ ಕೇಳಿಸುವಂತೆ ಬೈಯುತ್ತಿದ್ದಳು. ದುರುಗಪ್ಪ ತಮಟೆಯನ್ನು ಬಿಸಿಲಿಗಿಟ್ಟು ಕುಳಿತು ಕೇಳಿಸಿಕೊಳ್ಳುತ್ತಿದ್ದ. ಮರುದಿನ ತಿದ್ದಿ ಸಾರುತ್ತಿದ್ದ. ಅವಳ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಯೋಚಿಸಿ ಕೇಳಿದ: "ಹಾಗಾದರೆ ಮೊದಲು ಅವಳು ಕೊಡುವುದಿಲ್ಲ ಎಂದದ್ದು ತಪ್ಪೋ, ಆಮೇಲೆ ಕೊಡಲೇಬೇಕು ಎಂದದ್ದು ತಪ್ಪೋ?"

ಗುರುಗಳು ಅವನ ಕಡೆ ತಿರುಗಿ ಕೇಳಿದರು: "ಅದಿರಲಿ, ಆ ರೇಡಿಯೋದವರನ್ನು ಬೈದು ನೀನು ಇದುವರೆಗೆ ಒಂದು ಕಾಗದವನ್ನಾದರೂ ಬರೆದಿದ್ದೀಯಾ?"