ಊರ ಅನ್ನ ಉಂಡ ನಾಯಿ

ಶಿಷ್ಯ ಕೇಳಿದ: "ಗುರುಗಳೇ, ಮರುಳಯ್ಯ ಮಠ ಬಿಟ್ಟು ಹೋಗಿ ಅಂಬಿಗರ ಜೊತೆ ದೋಣಿ ನಡೆಸುತ್ತಿದ್ದಾನೆ. ತಬ್ಬಲಿಯಾಗಿ ಬಂದವನಿಗೆ ಮಠ ಅನ್ನ ಹಾಕಿತು, ಅಕ್ಷರ ಕಲಿಸಿತು. ಅವನು ಹೊರಟಾಗ ನೀವು ತಡೆಯಲೂ ಇಲ್ಲ. ಉಂಡ ಮನೆಯಲ್ಲಿ ನಿಲ್ಲದವನು ಕೃತಘ್ನನಲ್ಲವೇ? ನಾಯಿಗಾದರೂ ನಿಯತ್ತು ಇರುತ್ತದೆ."

ಗುರುಗಳಿಗೆ ಸಿಟ್ಟು ಬಂತು. "ನಾಯಿಯ ಮಾತು ನೀನೇ ಎತ್ತಿದೆಯಲ್ಲ, ಹಾಗಾದರೆ ನಾಯಿಯ ಕತೆಯನ್ನೇ ಕೇಳು" ಎಂದರು.

ಒಬ್ಬ ಕುಂಬಾರಗಿತ್ತಿ ಇದ್ದಳು. ಒಂದು ದಿನ ಮಣ್ಣು ತರಲು ಹೋದಾಗ ಗುಂಡಿಯಲ್ಲಿ ಒಂದು ನಾಯಿ ಬಿದ್ದಿರುವುದನ್ನು ಕಂಡಳು. ಕುರಿ ಕಾಯುವ ನಾಯಿ. ಆ ಸೀಮೆಯಲ್ಲಿ ರೋಗ ಬಡಿದು ಮಂದೆ ಮಂದೆಯೇ ಸತ್ತಿತ್ತು. ಕುರಿ ಹೋದ ಮೇಲೆ ಅದರ ಒಡೆಯ ಊರು ಬಿಟ್ಟಿದ್ದ. ನಾಯಿಯನ್ನು ಯಾರೂ ಕೇಳಿರಲಿಲ್ಲ. ಅವಳು ಅದನ್ನು ಮಣ್ಣಿನ ಬುಟ್ಟಿಯಲ್ಲೇ ಇಟ್ಟು ತಲೆಯ ಮೇಲೆ ಹೊತ್ತು ತಂದಳು. ಅಂಬಲಿ ಕುಡಿಸಿದಳು. ನಾಯಿ ಬದುಕಿತು.

ಬದುಕಿದ್ದೇ ತಪ್ಪಾಯಿತು. ಮೈಯಲ್ಲಿ ಕಸುವು ಬಂದ ದಿನವೇ ಅದು ಕೆಲಸ ಹುಡುಕಿತು. ಬೀದಿಯ ಕೋಳಿಗಳನ್ನೆಲ್ಲ ಅಟ್ಟಿ ಒಂದು ಮೂಲೆಗೆ ಸೇರಿಸಿತು. ಆಡುವ ಮಕ್ಕಳನ್ನು ಸುತ್ತುಗಟ್ಟಿ ಗುಡಿಯ ಜಗಲಿಗೆ ಹತ್ತಿಸಿ, ಇಳಿಯಲು ಬಿಡದೆ ಕಾವಲು ನಿಂತಿತು. ಗೌಡನ ಮನೆಗೆ ಬರುತ್ತಿದ್ದ ಬೀಗರು ದಾರಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಡೆಯುತ್ತಿದ್ದರೆ, ಹಿಮ್ಮಡಿಯ ಹತ್ತಿರ ಬಾಯಿ ತಂದು, ಎಲ್ಲರನ್ನೂ ಒಟ್ಟುಗೂಡಿಸಿ ಓಡಿಸಿಕೊಂಡು ಬಂತು. ಯಾರಿಗೂ ಹಲ್ಲು ತಾಗಿರಲಿಲ್ಲ. ಆದರೆ ಬೀಗರು ಪಂಚೆ ಎತ್ತಿಕೊಂಡು ಓಡಿದ್ದನ್ನು ಊರೆಲ್ಲ ನೋಡಿತ್ತು. ಮಾನ ಹೋದ ಮೇಲೆ ಗಾಯವನ್ನು ಯಾರು ಹುಡುಕುತ್ತಾರೆ?

ಆ ಊರಿನಲ್ಲಿ ಒಂದು ಪದ್ಧತಿ. ಹೊಲಕ್ಕೆ ನುಗ್ಗುವ ತುಡುಗು ದನದ ಕೊರಳಿಗೆ ಮರದ ಕೊರಡು ಕಟ್ಟುವುದು. ಓಡಿದರೆ ಕೊರಡು ಮೊಣಕಾಲಿಗೆ ಬಡಿಯುತ್ತದೆ. ದನ ಓಡುವುದನ್ನು ಬಿಡುತ್ತದೆ. ಗೌಡ ನಾಯಿಗೂ ಕೊರಡು ಕಟ್ಟಿಸಿದ. ನಾಯಿ ಓಡಿತು, ಪೆಟ್ಟು ತಿಂದಿತು, ಮತ್ತೆ ಓಡಿತು. ಕೊನೆಗೆ ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟಿತು. ಕೋಳಿ ಅದರ ಬಾಲ ದಾಟಿ ಹೋದರೂ ತಿರುಗಿ ನೋಡಲಿಲ್ಲ. "ಬುದ್ಧಿ ಬಂತು" ಎಂದು ಊರು ಮೆಚ್ಚಿತು. ಅಂಬಲಿಯ ಕುಡಿಕೆ ಹಾಗೆಯೇ ಉಳಿಯುತ್ತಿದ್ದುದನ್ನು ಕಂಡವಳು ಕುಂಬಾರಗಿತ್ತಿ ಒಬ್ಬಳೇ.

ಅವಳು ಕೊರಡು ಬಿಚ್ಚಿದಳು. ಬಿಚ್ಚಿ, ಎಲ್ಲರೂ ನೋಡುತ್ತಿರುವಾಗಲೇ, ಗಡಿಗೆ ಸುಡುವ ಆವಿಗೆಯ ಬೆಂಕಿಗೆ ಎಸೆದಳು.

ಗೌಡ ಬಂದ. "ಏನವ್ವಾ, ಸೊಕ್ಕು ಬಂತಾ? ಸಾಧುವಾಗಿ ಕೂತಿದ್ದ ನಾಯೀನ ಯಾಕೆ ಬಿಚ್ಚಿದೆ?"

"ಗಡಿಗೆ ಮಾಡೋ ತಿಗುರಿ ತಿರುಗದೆ ನಿಂತ್ರೆ ಸಾಧುವಾಯ್ತು ಅಂತೀರಾ ಗೌಡ್ರೇ? ಕೆಟ್ಟುಹೋಯ್ತು ಅಂತೀವಿ" ಎಂದಳು. "ತಪ್ಪು ನಾಯೀದಲ್ಲ. ನನ್ನ ಮನೆ ಅದಕ್ಕೆ ತಕ್ಕ ಮನೆಯಲ್ಲ, ಅಷ್ಟೇ."

"ಹಾಗಾದ್ರೆ ಬರೋ ಸಂತೆ ದಿನದೊಳಗೆ ಬೇರೆ ಮನೆ ನೋಡು. ಆಮೇಲೆ ಅದು ಊರಲ್ಲಿ ಕಂಡ್ರೆ ಬಡಿದು ಸಾಯಿಸಿಬಿಡ್ತೀನಿ."

ಅವಳು ಕೆಲಸ ನಿಲ್ಲಿಸಿ ನಾಯಿಯೊಡನೆ ಹೊರಟಳು. ಊರು ನಕ್ಕಿತು. ಮಗಳಿಗೆ ಗಂಡು ನೋಡುವವರನ್ನು ಕಂಡಿದ್ದೇವೆ, ನಾಯಿಗೆ ಮನೆ ನೋಡುವವಳನ್ನು ಈಗಲೇ ಕಂಡದ್ದು ಎಂದಿತು. ನಗಲಿ. ಊರ ಬಾಯಿಗೆ ಕೊರಡು ಕಟ್ಟಲು ಬರುತ್ತದೆಯೇ?

ಒಬ್ಬ ವ್ಯಾಪಾರಿ ನಾಯಿಯ ಚುರುಕು ನೋಡಿ ಆಸೆಪಟ್ಟ. ಗೆಜ್ಜೆ ಕಟ್ಟಿದ ಸರಪಳಿ ತಂದು ತೋರಿಸಿದ. ದಿನವೂ ಹಾಲು ಅನ್ನ ಹಾಕುತ್ತೇನೆ ಎಂದ. "ಓಡಾಡೋಕೆ ಜಾಗ ಎಲ್ಲಿ?" ಎಂದು ಅವಳು ಕೇಳಿದಳು. "ಹಾಲು ಅನ್ನ ಸಿಗೋ ನಾಯಿ ಯಾಕಮ್ಮಾ ಓಡಬೇಕು?" ಎಂದ. ಅವಳು ಅಲ್ಲಿ ನೀರನ್ನೂ ಮುಟ್ಟದೆ ಎದ್ದಳು.

ಮಂದೆಗಳೇ ಅಪರೂಪವಾಗಿದ್ದ ಕಾಲ. ಕೇಳಿ ಕೇಳಿ ನಡೆದಳು. ಕೊನೆಗೆ ದೂರದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಕುರುಬ ಸಿಕ್ಕಿದ. ಅವನು ಒಪ್ಪಲಿಲ್ಲ. "ಊರ ಅನ್ನ ಉಂಡ ನಾಯಿ ನಮಗಾಗಲ್ಲ ತಾಯಿ. ತೋಳ ಬಂದ ಹೊತ್ತಿಗೆ ಅದಕ್ಕೆ ಒಲೆ ನೆನಪಾಗ್ತದೆ. ಇದು ನಮ್ಮ ಹಿರೀಕರ ಮಾತು."

"ನಿಮ್ಮ ಹಿರೀಕರು ಈ ನಾಯೀನ ನೋಡಿಲ್ಲ ಅಣ್ಣಾ. ನೀನು ನೋಡು" ಎಂದು ಅವಳು ಹಗ್ಗ ಬಿಟ್ಟಳು.

ನಾಯಿ ಓಡಿತು. ಹಳ್ಳದ ಕಡೆ ಚದುರಿದ್ದ ಕುರಿಗಳ ಆಚೆಯಿಂದ ದೊಡ್ಡ ಸುತ್ತು ಹಾಕಿ, ಬೊಗಳದೆ, ನೆಲಕ್ಕೆ ತಗ್ಗಿ, ಅವನ್ನೆಲ್ಲ ಮಂದೆಗೆ ತಂದು ಸೇರಿಸಿತು. ಕುರುಬ ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದ. ನಾಯಿ ನಿಂತಲ್ಲೇ ನಿಂತು ಅವನ ಕಡೆ ನೋಡಿತು. ಇಷ್ಟು ದಿನದಲ್ಲಿ ಅವಳ ಕಡೆ ಅದು ಹಾಗೆ ನೋಡಿರಲಿಲ್ಲ. ಅವಳಿಗೆ ಸಂತೋಷವಾಯಿತು. ನೋವೂ ಆಯಿತು.

ಕುರುಬ ಹೇಳಿದ: "ನೀನು ನಡಿ ತಾಯಿ. ಕರೀಬೇಡ, ತಿರುಗಿ ನೋಡಬೇಡ. ನಿನ್ನ ಹಿಂದೆ ಬಂದ್ರೆ ನಿಂದು. ಉಳಿದ್ರೆ ಮಂದೇದು."

ಹಿಂದೆ ಬಂದರೆ ಊರಿನಲ್ಲಿ ಅದಕ್ಕೆ ಗೌಡನ ದೊಣ್ಣೆ ಕಾದಿತ್ತು. ಅದು ಗೊತ್ತಿದ್ದರೂ ಒಮ್ಮೆ ಕರೆಯಬೇಕೆಂದು ಅವಳ ನಾಲಿಗೆ ತುಡಿಯಿತು. ಎಷ್ಟೆಂದರೂ ಸಾಯುತ್ತಿದ್ದುದನ್ನು ಎತ್ತಿ ತಂದವಳು. ಬಾಯಿಗೆ ಸೆರಗು ಒತ್ತಿಕೊಂಡು ನಡೆದಳು. ಊರ ಬಾಗಿಲಿಗೆ ಬಂದು ತಿರುಗಿದಾಗ ಹಿಂದೆ ಯಾರೂ ಇರಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಗೌಡ ನಕ್ಕ. "ಅಷ್ಟು ಅನ್ನ ಹಾಕಿದೆಯಲ್ಲ, ಏನು ನಿಯತ್ತು ತೋರಿಸ್ತು?"

"ಹಸಿದಿತ್ತು, ಹಾಕಿದೆ. ಅನ್ನ ಹಾಕಿ ಅದನ್ನ ಕೊಂಡುಕೊಂಡಿರಲಿಲ್ಲ ಗೌಡ್ರೇ" ಎಂದು ಅವಳು ಅವನ ಮುಖ ನೋಡಿಯೇ ಹೇಳಿದಳು. ಮನೆಗೆ ಹೋಗಿ ತಿಗುರಿಯ ಮುಂದೆ ಕುಳಿತಳು. ಅಳು ಬಂತು. ಅತ್ತಳು. ಆದರೆ ಕೈ ನಿಲ್ಲಿಸಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಎಲ್ಲ ಸರಿ ಗುರುಗಳೇ. ಆದರೂ ಆ ನಾಯಿ ಒಮ್ಮೆಯಾದರೂ ಅವಳ ಮನೆಗೆ ಬರಬಾರದಿತ್ತೇ?" ಎಂದ.

"ಬಂದಿದ್ದರೆ ಅವಳು ಅದಕ್ಕೆ ಮತ್ತೊಂದು ಮನೆ ಹುಡುಕಬೇಕಾಗುತ್ತಿತ್ತು" ಎಂದರು ಗುರುಗಳು.